ಸ್ಟೀವನ್ಸ್ ಫೇವರಿಟ್ .32 ರಿಮ್‌ಫೈರ್ ರೈಫಲ್: ಸೆಂಟರ್‌ಫೈರ್ ಮಾಡುವುದಾದರೆ ಯಾವ ಕೇಸಿಗೆ, ಹೇಗೆ?

ಓಹಾಯೋ_ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ರೈಫಲ್ ಸ್ಟೀವನ್ಸ್ ಫೇವರಿಟ್, 1894ರ ಮಾದರಿ. ನಳಿಗೆಯ ಮೇಲೆ .32 ಲಾಂಗ್ ರಿಮ್‌ಫೈರ್ (ಬುಡದ ಅಂಚಿಗೆ ಪಿನ್ ಬಡಿದು ಹಾರುವ ತೋಟಾ) ಎಂಬ ಗುರುತು ಸ್ಪಷ್ಟವಾಗಿದೆ. ಈ ತೋಟಾ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಸಂಗ್ರಾಹಕರ ಹತ್ತಿರ ಸಿಕ್ಕರೂ ಒಂದೊಂದಕ್ಕೂ ಕೇಳುವ ಬೆಲೆ ನೋಡಿದರೆ ಹೊಡೆಯಲು ಮನಸ್ಸಾಗದು. ಸೆಂಟರ್‌ಫೈರ್ ಮಾಡಿದರೆ, ಅಂದರೆ ಬುಡದ ನಡುವಿನ ಪ್ರೈಮರಿಗೆ (ಕಿಡಿ ಕೊಡುವ ಪುಟ್ಟ ಬಟ್ಟಲು) ಪಿನ್ ಬಡಿಯುವಂತೆ ಮಾಡಿದರೆ, ಕೇಸನ್ನು (ತೋಟಾದ ಲೋಹದ ಕೋಶ) ಮತ್ತೆ ಮತ್ತೆ ತುಂಬಿಕೊಳ್ಳಬಹುದು ಎಂಬ ಯೋಚನೆ.

ಅಳತೆಗಳು ಹೀಗಿವೆ. ಸೀಸದ ಗುಂಡು ತೂರಿಸಿ ನೋಡಿದಾಗ ಗ್ರೂವ್ (ನಳಿಗೆಯೊಳಗಿನ ತಿರುಚು ಗೀರು) ವ್ಯಾಸ 0.313 ಇಂಚು. ರೈಫ್ಲಿಂಗ್ ಉದ್ದಕ್ಕೂ ಕಾಣುತ್ತದೆ, ಮೂತಿಯ ಹತ್ತಿರ ಸ್ವಲ್ಪ ತುಕ್ಕಿನ ಗುಳಿಗಳಿವೆ. ಚೇಂಬರಿನ (ತೋಟಾ ಕೂರುವ ಜಾಗ) ಅಚ್ಚು ತೆಗೆದಿದ್ದೇನೆ, ಕೇಸಿನ ಭಾಗ 0.321. ಬ್ರೀಚ್ ಬ್ಲಾಕ್ (ಚೇಂಬರಿನ ಹಿಂಬದಿ ಮುಚ್ಚುವ ಉಕ್ಕಿನ ತುಂಡು) ಮೇಲೆ ಕೂತಾಗ ಹಿಂದೆ ಮುಂದೆ ಅಲುಗುವುದು 6 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಹ್ಯಾಮರ್ ಸ್ಪ್ರಿಂಗ್ ಗಟ್ಟಿಯಾಗಿದೆ, ಎಕ್ಸ್‌ಟ್ರಾಕ್ಟರ್ (ಕೇಸು ಹೊರಗೆಳೆಯುವ ಭಾಗ) ಸರಿಯಾಗಿದೆ. ಮನೆಯಲ್ಲಿ ಚಿಕ್ಕ ಲೇತ್ ಮತ್ತು ಡ್ರಿಲ್ ಪ್ರೆಸ್ ಇವೆ, ಮಿಲ್ಲಿಂಗ್ ಮೆಷಿನ್ ಇಲ್ಲ.

ಪ್ರಶ್ನೆ ಮೂರು. ಯಾವ ಕೇಸು ಆರಿಸಲಿ? ಫೈರಿಂಗ್ ಪಿನ್ ಜಾಗ ಬದಲಿಸುವ ಸರಿಯಾದ ಕ್ರಮ ಯಾವುದು? ಇನ್ನೊಂದು, "ನಳಿಗೆಗೆ ಲೈನರ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿ .22 ಹಾರ್ನೆಟ್ ಮಾಡಿಬಿಡಿ, ಮದ್ದು ಗುಂಡು ಎಲ್ಲ ಕಡೆ ಸಿಗುತ್ತದೆ" ಎಂಬ ಸಲಹೆಯೂ ಬಂದಿದೆ. ಈ ಆಕ್ಷನ್ (ಬ್ಲಾಕು, ಲಿವರ್ ಸೇರಿದ ಮುಚ್ಚುವ ಕಟ್ಟು) ಅದನ್ನು ತಡೆದೀತೆ?


ಲೇತ್_ಮೇಷ್ಟ್ರು:

ಮೂರನೆಯದಕ್ಕೆ ಮೊದಲು ಉತ್ತರ: ಹಾರ್ನೆಟ್ ಬೇಡವೇ ಬೇಡ. ಕಾರಣವನ್ನು ಲೆಕ್ಕದಲ್ಲೇ ನೋಡಿ.

ಬ್ಲಾಕಿನ ಮೇಲೆ ಬೀಳುವ ಹಿಂದೊತ್ತು ಎಂದರೆ ಚೇಂಬರಿನ ಒತ್ತಡವನ್ನು ಕೇಸಿನ ಬುಡದ ವಿಸ್ತೀರ್ಣದಿಂದ ಗುಣಿಸಿದ್ದು. .22 ಲಾಂಗ್ ರೈಫಲ್ ಕೇಸಿನ ವ್ಯಾಸ 0.226 ಇಂಚು, ಗರಿಷ್ಠ ಒತ್ತಡ 24,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಗುಣಿಸಿದರೆ ಹೆಚ್ಚುಕಡಿಮೆ 960 ಪೌಂಡ್. ಫೇವರಿಟ್ .22ಕ್ಕೂ ತಯಾರಾಗುತ್ತಿತ್ತು, ಆದ್ದರಿಂದ ಅದನ್ನೇ ಮೇಲಿನ ಮಿತಿ ಎಂದಿಟ್ಟುಕೊಳ್ಳಿ. ಅದೂ ಹೊಸದಾಗಿದ್ದಾಗಿನ ಮಾತು. ನೂರು ವರ್ಷ ಸವೆದ ಪಿನ್ನುಗಳಿಗೆ ಆ ಮಿತಿಯನ್ನೂ ಮುಟ್ಟಿಸಬಾರದು. ಹಾರ್ನೆಟ್ ಕೇಸಿನ ಬುಡ 0.298, ಒತ್ತಡ 40,000ದ ಆಚೆ. ಹಿಂದೊತ್ತು ಮೂರು ಸಾವಿರ ಪೌಂಡಿನ ಹತ್ತಿರ ಹೋಗುತ್ತದೆ, ಅಂದರೆ ಮೂರು ಪಟ್ಟು. ಫೇವರಿಟ್‌ನಲ್ಲಿ ಬ್ಲಾಕು ರಿಸೀವರಿನ ಗೋಡೆಗೆ ಆತು ನಿಲ್ಲುವುದಿಲ್ಲ. ಎರಡು ಅಡ್ಡ ಸ್ಕ್ರೂ ಮತ್ತು ಒಂದು ಕೊಂಡಿಯ ಮೇಲೆ ಇಡೀ ಭಾರ ಕೂರುತ್ತದೆ. ಮೊದಲು ಸ್ಕ್ರೂ ಬಾಗುತ್ತದೆ, ಆಮೇಲೆ ರಿಸೀವರಿನ ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಹೆಡ್‌ಸ್ಪೇಸ್ (ಕೇಸಿನ ಬುಡಕ್ಕೂ ಬ್ಲಾಕಿಗೂ ನಡುವಿನ ಸಂದು) ಕೈಬಿಡುತ್ತದೆ. ಹಾರ್ನೆಟ್‌ಗೆ ಬದಲಿಸಿದ ಹಳೆ ಸಿಂಗಲ್ ಶಾಟ್‌ಗಳೆಂದು ಜನ ತೋರಿಸುವುದು ಬಹುತೇಕ ವಿಂಚೆಸ್ಟರ್ 1885 ಲೋ ವಾಲ್. ಅಲ್ಲಿ ಬ್ಲಾಕು ರಿಸೀವರಿನ ಕಚ್ಚಿನೊಳಗೆ ನೇರ ಕೆಳಗಿಳಿದು ಹಿಂಭಾಗದ ಉಕ್ಕಿಗೇ ಆತು ನಿಲ್ಲುತ್ತದೆ. ಆ ಕಟ್ಟೇ ಬೇರೆ.

ಈಗ ಕೇಸು. .32 ಲಾಂಗ್ ಕೋಲ್ಟ್ ತೆಗೆದುಕೊಳ್ಳಿ, ಬೇರೆ ಯಾವುದನ್ನೂ ಯೋಚಿಸುವ ಅಗತ್ಯವಿಲ್ಲ. ಅದು .32 ಲಾಂಗ್ ರಿಮ್‌ಫೈರಿನ ಸೆಂಟರ್‌ಫೈರ್ ಜೋಡಿ, ಕೇಸಿನ ವ್ಯಾಸ 0.318ರ ಆಸುಪಾಸು. ನಿಮ್ಮ 0.321ರ ಚೇಂಬರಿಗೆ ರೀಮರ್ (ತೂತು ಅಗಲಿಸುವ ಉಪಕರಣ) ತಾಗಿಸದೆ ಕೂರುತ್ತದೆ. ಇದು ನಮ್ಮ ಕಾಲದ ಉಪಾಯವಲ್ಲ. ಮಾರ್ಲಿನ್ ಕಂಪನಿ 1892ರ ಮಾದರಿಯ .32 ರೈಫಲನ್ನು ಎರಡು ಫೈರಿಂಗ್ ಪಿನ್ ಜೊತೆಗೇ ಮಾರುತ್ತಿತ್ತು, ಒಂದು ರಿಮ್‌ಫೈರಿಗೆ, ಒಂದು ಸೆಂಟರ್‌ಫೈರಿಗೆ. ಚೇಂಬರ್ ಒಂದೇ, ಪಿನ್ ಬದಲಿಸಿದರೆ ಮುಗಿಯಿತು. ಅವರದೇ ಬ್ಯಾಲಾರ್ಡ್ ರೈಫಲ್‌ಗಳಲ್ಲಿ ಕೆಲವಕ್ಕೆ ತಿರುಗಿಸಿ ಹಾಕುವ ಪಿನ್ನೇ ಇತ್ತು.

.32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಸುಲಭವಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ಕೇಸು 0.337. ಚೇಂಬರನ್ನು ರೀಮ್ ಮಾಡಲೇಬೇಕು, ಮಾಡಿದ ಮೇಲೆ ಹಿಂದಕ್ಕೆ ದಾರಿಯಿಲ್ಲ. 15,000 ಪಿಎಸ್‌ಐ ಮಿತಿಯ ಕಾರ್ಖಾನೆ ತೋಟಾ ಹಾಕಿದರೆ ಹಿಂದೊತ್ತು 1,300 ಪೌಂಡ್ ದಾಟುತ್ತದೆ. ನೀವು ಹಗುರವಾಗಿ ತುಂಬಿಕೊಳ್ಳುತ್ತೀರಿ, ಸರಿ. ನಾಳೆ ಈ ರೈಫಲ್ ಇನ್ನೊಬ್ಬರ ಕೈಗೆ ಹೋದಾಗ ಅವರು ಅಂಗಡಿಯ ಡಬ್ಬಿಯನ್ನೇ ಒಡೆಯುತ್ತಾರೆ.


ಹಳೇ_ನಳಿಗೆ:

ಮೇಷ್ಟ್ರು ಹೇಳಿದ ಕೇಸಿನ ಆಯ್ಕೆ ಸರಿ. ಪಿನ್ ವಿಷಯಕ್ಕೆ ಬರುತ್ತೇನೆ, ನಿಜವಾದ ಕೆಲಸ ಇರುವುದು ಅಲ್ಲೇ.

ರೈಫಲಿನ ಮೂಲ ಬ್ಲಾಕಿಗೆ ಡ್ರಿಲ್ ಮುಟ್ಟಿಸಬೇಡಿ. ಹಳೆ ಬಿಡಿಭಾಗ ಮಾರುವವರ ಬಳಿ ಫೇವರಿಟ್ ಬ್ಲಾಕುಗಳು ಸಿಗುತ್ತವೆ. 1894ರ ಮಾದರಿಯದ್ದೇ ಆಗಲಿ, 1915ರದ್ದು ಬೇಡ. ಅದನ್ನು ರಿಸೀವರಿಗೆ ಹೊಂದಿಸಿ, ಕೆಲಸವೆಲ್ಲ ಅದರ ಮೇಲೆ ಮಾಡಿ. ಮೂಲ ಬ್ಲಾಕನ್ನು ಎಣ್ಣೆ ಹಚ್ಚಿ, ಚೀಟಿ ಬರೆದು ಎತ್ತಿಡಿ. ಎರಡು ಸ್ಕ್ರೂ ಬಿಚ್ಚಿದರೆ ರೈಫಲ್ ಮತ್ತೆ ಮೊದಲಿನಂತಾಗಬೇಕು.

ಮೊದಲು ನಳಿಗೆಯ ಕೆಳಗಿನ ಟೇಕ್‌ಡೌನ್ ಸ್ಕ್ರೂ ಬಿಗಿ ಮಾಡಿ ನಳಿಗೆ ಅಲುಗದಂತೆ ನೋಡಿಕೊಳ್ಳಿ. ಆಮೇಲೆ ಆ 6 ಥೌ ಸಡಿಲ. ಸ್ಕ್ರೂಗಳ ನುಣುಪು ಭಾಗ ಸವೆದಿದ್ದರೆ 2-3 ಥೌ ದಪ್ಪ ಹೆಚ್ಚಿಸಿ ಹೊಸ ಸ್ಕ್ರೂ ಲೇತಿನಲ್ಲಿ ತಿರುಗಿಸಿ, ತೂತುಗಳಿಗೆ ರೀಮರ್ ಹಾಯಿಸಿ. ಸಡಿಲ 2 ಥೌಗೆ ಇಳಿಯುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಬ್ಲಾಕು ಕೆಳಗೆ ಜೋತುಬಿದ್ದ ಸ್ಥಿತಿಯಲ್ಲಿ ನಡುಬಿಂದು ಗುರುತಿಸಿ, ಆಮೇಲೆ ಬಿಗಿ ಮಾಡಿದರೆ ಪಿನ್ ಪ್ರೈಮರಿನ ನಡುವಿನಿಂದ ಮೇಲೆ ಬೀಳುತ್ತದೆ.

ನಡುಬಿಂದು ಗುರುತಿಸಲು ಅಳತೆಪಟ್ಟಿ ಸಾಲದು. ಬೋರಿನೊಳಗೆ ಸರಾಗ ಜಾರುವ ಉಕ್ಕಿನ ಸರಳು ತಿರುಗಿಸಿ, ತುದಿಯನ್ನು ಲೇತಿನಲ್ಲೇ 60 ಡಿಗ್ರಿ ಮೊನೆ ಮಾಡಿ ಹದಗೊಳಿಸಿ. ಮೊನೆಯ ಹಿಂದೆ ಚೇಂಬರಿನೊಳಗೆ 1 ಥೌ ಸಡಿಲದಲ್ಲಿ ಕೂರುವ ಹಿತ್ತಾಳೆಯ ಬುಷ್ ಇರಲಿ, ಬೋರು ಸವೆದಿದ್ದರೂ ಮೊನೆ ಚೇಂಬರಿನ ನಡುವಿಗೇ ನಿಲ್ಲುತ್ತದೆ. ಬ್ಲಾಕಿನ ಮುಖಕ್ಕೆ ಗುರುತು ಕಾಣಿಸುವ ನೀಲಿ ಬಣ್ಣ ಬಳಿದು, ಲಿವರ್ ಪೂರ್ತಿ ಮುಚ್ಚಿ, ಮೂತಿಯ ಕಡೆಯಿಂದ ಸರಳಿಗೆ ಒಂದು ಏಟು ಹಾಕಿ. ಬಿದ್ದ ಚುಕ್ಕೆಯೇ ನಿಮ್ಮ ಕೇಂದ್ರ.

ಹಳೆಯ ಪಿನ್ ತೂತು ಮುಚ್ಚಬೇಕು. ಅದು ಕೇಸಿನ ಅಂಚಿನಡಿ ತೆರೆದು ಉಳಿದರೆ ಅಲ್ಲಿ ಹಿತ್ತಾಳೆಗೆ ಆಸರೆ ಇರುವುದಿಲ್ಲ, ಕೇಸು ಸೀಳಿದಾಗ ಬಿಸಿ ಅನಿಲ ಅದೇ ದಾರಿಯಲ್ಲಿ ಕಣ್ಣಿಗೆ ಬರುತ್ತದೆ. ಮುಂಭಾಗದಿಂದ ಟ್ಯಾಪ್ ಹೊಡೆದು 8-32 ಎಳೆಯ ಪ್ಲಗ್ ಹಾಕಿ. ಪ್ಲಗ್ಗಿನ ಮುಂದೆ ಸಣ್ಣ ಭುಜ ಇರಲಿ, ಬ್ಲಾಕಿನಲ್ಲಿ ಅದಕ್ಕೆ ತಕ್ಕ ಕೌಂಟರ್‌ಬೋರ್ ಇರಲಿ. ಒತ್ತಡ ಹಿಂದಕ್ಕೆ ತಳ್ಳಿದಷ್ಟೂ ಭುಜ ಕೂತುಕೊಳ್ಳುತ್ತದೆ. ಭುಜವಿಲ್ಲದ ಪ್ಲಗ್ ಎಳೆಯ ಬಲದ ಮೇಲಷ್ಟೇ ನಿಂತಿರುತ್ತದೆ. ಬೆಸುಗೆ ಬೇಕೆನಿಸಿದರೆ 221 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ತವರ-ಬೆಳ್ಳಿಯ ಸಾಲ್ಡರ್ ಸಾಕು. ಕೆಂಪಗೆ ಕಾಯಿಸುವ ಸಿಲ್ವರ್ ಬ್ರೇಜಿಂಗ್ ಮಾಡಿದರೆ ಬ್ಲಾಕಿನ ಮೇಲ್ಪದರದ ಗಡಸುತನ ಹೋಗುತ್ತದೆ, ಬ್ಲಾಕು ಸೊಟ್ಟಗಾಗಲೂಬಹುದು. ಆ ಗಡಸು ಪದರ ತೆಳುವಾದದ್ದು, ಸಾಮಾನ್ಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಅದರ ಮೇಲೆ ಜಾರಿ ಓಡುತ್ತದೆ. ಕಾರ್ಬೈಡ್ ಸ್ಪಾಟ್ ಡ್ರಿಲ್‌ನಿಂದ ಚರ್ಮ ಒಡೆದ ಮೇಲೆ ಒಳಗಿನ ಲೋಹ ಮೆತ್ತಗೆ ಕೊರೆಯುತ್ತದೆ.

ಹೊಸ ತೂತು ಮುಂಭಾಗದಲ್ಲಿ 1/16 ಇಂಚು, ಅಂದರೆ 0.0625. ಪಿನ್ನಿನ ತುದಿ 0.0605. ಎಣಿಸಿದಂತೆ 2 ಥೌ ಸಡಿಲ, ಅದಕ್ಕಿಂತ ಹೆಚ್ಚು ಬೇಡ. ಹಳೆಯ ರಿಮ್‌ಫೈರ್ ಪಿನ್ನುಗಳು ದಪ್ಪ, ತುದಿ ಉಳಿಯಂತೆ ಚಪ್ಪಟೆ. ಅದೇ ದಪ್ಪವನ್ನು ಸೆಂಟರ್‌ಫೈರಿಗೂ ಇಟ್ಟರೆ ಪ್ರೈಮರಿನ ಮೆತ್ತನೆ ಲೋಹ ತೂತಿನೊಳಗೆ ಹರಿದು ಗುಬುಟು ಕಟ್ಟುತ್ತದೆ, ಬ್ಲಾಕು ಕೆಳಗಿಳಿಯದೆ ಸಿಕ್ಕಿಬೀಳುತ್ತದೆ. ಪಿನ್ನಿಗೆ ಓ1 ಡ್ರಿಲ್ ರಾಡ್ (ಎಣ್ಣೆಯಲ್ಲಿ ಗಡಸಾಗುವ ಉಕ್ಕಿನ ಸರಳು). 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಉಜ್ಜಿ ಹೊಳಪು ಬರಿಸಿ, ನೀಲಿ ಬಣ್ಣ ಬರುವವರೆಗೆ ಅಂದರೆ ಸುಮಾರು 300 ಡಿಗ್ರಿಗೆ ಹದ ಇಳಿಸಿ. ತುದಿ ಅರ್ಧಗೋಳ, ಮುಂದೆ ಚಾಚುವುದು 0.050ರಿಂದ 0.055 ಇಂಚು. 0.060 ದಾಟಿದರೆ ಪ್ರೈಮರ್ ತೂತಾಗಬಹುದು, 0.040ಕ್ಕೆ ಇಳಿದರೆ ತೋಟಾ ಹಾರದೆ ಇರಬಹುದು.


ಕರಿಮದ್ದು:

ಇಷ್ಟೆಲ್ಲ ಕೆಲಸಕ್ಕೆ ಮೊದಲು ಕೇಳಬೇಕಾದದ್ದು: ತಿಂಗಳಿಗೆ ಎಷ್ಟು ಗುಂಡು ಹೊಡೆಯುತ್ತೀರಿ? ಅಪರೂಪಕ್ಕೆ ಹತ್ತಿಪ್ಪತ್ತು ಎಂದಾದರೆ ಬ್ಲಾಕೇ ಬದಲಿಸದೆ ಸಾಗುವ ದಾರಿಯಿದೆ. .32 ರಿಮ್‌ಫೈರ್ ಚೇಂಬರಿಗೆಂದೇ ತಿರುಗಿಸಿದ ಉಕ್ಕಿನ ಕೇಸುಗಳು ಸಿಗುತ್ತವೆ. ಬುಡದಲ್ಲಿ ಒಂದು ಬದಿಗೆ ಸರಿದ ತೂತಿರುತ್ತದೆ, ಅದರಲ್ಲಿ .22 ಬ್ಲ್ಯಾಂಕ್ (ಗುಂಡಿಲ್ಲದ ತೋಟಾ) ಕೂರಿಸುವುದು. ಅಂಚಿನ ಮೇಲೆ ಬೀಳುವ ಹಳೆಯ ಪಿನ್ನಿನ ಕೆಳಗೇ ಬ್ಲ್ಯಾಂಕಿನ ಅಂಚು ಬರುತ್ತದೆ. ಕೇಸಿನ ಹಿಂಭಾಗದಲ್ಲಿ ಅರದಿಂದ ಗೀರು ಹಾಕಿ ಆ ಗೀರು ಪಿನ್ನಿನ ಕಡೆಗೆ ಬರುವಂತೆ ಹಾಕಬೇಕು, ತಿರುಗಿದರೆ ಹಾರದು. ಕಾಂಕ್ರೀಟಿಗೆ ಮೊಳೆ ಹೊಡೆಯುವ ಯಂತ್ರದ ಬಣ್ಣದ ಬ್ಲ್ಯಾಂಕುಗಳನ್ನು ಮಾತ್ರ ಇಲ್ಲಿ ಬಳಸಲೇಬೇಡಿ. ಅವುಗಳ ಬಲ ಈ ಕೆಲಸಕ್ಕೆಂದು ಅಳೆದದ್ದಲ್ಲ.

.32 ಲಾಂಗ್ ಕೋಲ್ಟ್‌ಗೇ ಹೋಗುವುದಾದರೆ ಗುಂಡಿನ ವಿಷಯದಲ್ಲಿ ಎಚ್ಚರ. ಈ ಕೇಸಿನಲ್ಲಿ ಎರಡು ಬಗೆ ಬಂದವು. ಮೊದಲಿನದು ಹಿಮ್ಮಡಿ ಇರುವ ಗುಂಡು: ಮೈ 0.313, ಕೇಸಿನೊಳಗೆ ಹೋಗುವ ಹಿಂಭಾಗ ಮಾತ್ರ ಸಣ್ಣದು, ಜಿಡ್ಡು ಹೊರಗೆ. ಆಮೇಲೆ ಜಿಡ್ಡು ಕೇಸಿನೊಳಗೆ ಸೇರಿಸಲು ಇಡೀ ಗುಂಡನ್ನೇ 0.299ರ ಹತ್ತಿರಕ್ಕೆ ಇಳಿಸಿ ಬುಡ ಟೊಳ್ಳು ಮಾಡಿದರು, ಒತ್ತಡಕ್ಕೆ ಹಿಗ್ಗಿ ರೈಫ್ಲಿಂಗ್ ಹಿಡಿಯಲಿ ಎಂದು. ನಿಮ್ಮ ಗ್ರೂವ್ 0.313. 0.299ರ ಗುಂಡಿಗೆ 14 ಥೌ ಹಿಗ್ಗುವ ಕೆಲಸ ಕೊಟ್ಟರೆ ಕೆಲವು ಹಿಗ್ಗುತ್ತವೆ, ಕೆಲವು ಹಿಗ್ಗುವುದಿಲ್ಲ. ಗುರಿಹಲಗೆಯ ಮೇಲೆ ಅಡ್ಡಡ್ಡ ಬಿದ್ದ ತೂತು ಕಂಡರೆ ಕಾರಣ ಇದೇ. ಹಿಮ್ಮಡಿ ಗುಂಡಿನ ಅಚ್ಚು ಕೊಂಡು ಮೆತ್ತನೆ ಸೀಸದಲ್ಲಿ, 1 ಭಾಗ ತವರಕ್ಕೆ 30 ಭಾಗ ಸೀಸ, ಎರಕ ಹೊಯ್ಯಿರಿ.

ಮದ್ದು ಕರಿಮದ್ದೇ. ಮೂಲ ತೋಟಾದಲ್ಲಿ 90 ಗ್ರೇನ್ ಗುಂಡಿನ ಹಿಂದೆ 13 ಗ್ರೇನ್ ಕರಿಮದ್ದು ಇರುತ್ತಿತ್ತು, ಅಂದರೆ 0.84 ಗ್ರಾಂ. ಈಗಿನ ಕೇಸಿನ ಬುಡ ಗಟ್ಟಿ, ಒಳಜಾಗ ಕಡಿಮೆ, ಆದ್ದರಿಂದ ಅಷ್ಟು ಹಿಡಿಯದು. 3ಎಫ್ (ಸಣ್ಣ ಕಣದ) ಮದ್ದನ್ನು ಗುಂಡು ಕೂತಾಗ ಸ್ವಲ್ಪವೇ ಒತ್ತುವಷ್ಟು, 1/16 ಇಂಚಿನಷ್ಟು, ತುಂಬಿ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಕೂಡದು. ಹೊಗೆರಹಿತ ಮದ್ದಿನಲ್ಲಿ ಇಷ್ಟು ಸಣ್ಣ ಕೇಸಿಗೆ ಎರಡು ಸಲ ಸುರಿದರೂ ಹೊರಗೆ ಗೊತ್ತಾಗದು, ಆ ಒಂದು ತಪ್ಪನ್ನೇ ಈ ಆಕ್ಷನ್ ತಾಳುವುದಿಲ್ಲ. ಕರಿಮದ್ದಿನಲ್ಲಿ ಎರಡು ಪಾಲು ಕೇಸಿಗೆ ಹಿಡಿಸುವುದೇ ಇಲ್ಲ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಬ್ಲಾಕಿನ ಪಿನ್ ತೂತನ್ನೂ ಸೇರಿಸಿ.


ಓಹಾಯೋ_ಕನ್ನಡಿಗ:

ಎಲ್ಲರಿಗೂ ಧನ್ಯವಾದ. ಹಾರ್ನೆಟ್ ಕೈಬಿಟ್ಟೆ, .32 ಲಾಂಗ್ ಕೋಲ್ಟ್ ಖಚಿತ. ಒಂದು .22 ಬ್ಲಾಕು ಸಿಕ್ಕಿದೆ. ಅದಕ್ಕೆ ನೀಲಿ ಬಳಿದು ನೋಡಿದರೆ ಹೊಸ ಕೇಂದ್ರದ ನೇರ ಹಿಂದೆ ಹ್ಯಾಮರಿನ ಮುಖ ಪೂರ್ತಿ ತಲುಪುತ್ತಿಲ್ಲ, ಅಂಚು ಮಾತ್ರ ತಾಗುತ್ತದೆ. ಪಿನ್ನನ್ನು ಓರೆ ಕೊರೆಯಬಹುದೇ, ಎಷ್ಟು ಓರೆ?

ಇನ್ನೊಂದು ಯೋಚನೆ: ಲೈನರ್ ಹಾಕಿ .22 ಲಾಂಗ್ ರೈಫಲ್ ಮಾಡಿಬಿಟ್ಟರೆ ಈ ಪಿನ್ ತಾಪತ್ರಯವೇ ಇರುವುದಿಲ್ಲ ಅಲ್ಲವೇ? ಮೂಲ .32 ಬ್ಲಾಕನ್ನೇ ಹಾಗೇ ಇಟ್ಟುಕೊಳ್ಳಬಹುದಲ್ಲ?


ಹಳೇ_ನಳಿಗೆ:

ಎರಡನೆಯದು ಆಗುವುದಿಲ್ಲ. .32 ರಿಮ್‌ಫೈರಿನ ಅಂಚು ಕೇಂದ್ರದಿಂದ 0.159 ಮತ್ತು 0.188ರ ನಡುವೆ ಇರುತ್ತದೆ, .22ರದ್ದು 0.113 ಮತ್ತು 0.139ರ ನಡುವೆ. .32ರ ಪಿನ್ .22ರ ಅಂಚಿನಾಚೆ, ನಳಿಗೆಯ ಉಕ್ಕಿನ ಮೇಲೆ ಬೀಳುತ್ತದೆ. 48 ಥೌ ಒಳಗೆ ಸರಿಸಲೇಬೇಕು. ಈಗ ಸಿಕ್ಕಿರುವ .22 ಬ್ಲಾಕು ಹಾಕಿದರೆ ಆದೀತು, ನಿಜ. ಆದರೆ ಎಕ್ಸ್‌ಟ್ರಾಕ್ಟರನ್ನೂ ಹೊಂದಿಸಬೇಕು, ಮೂಲ ನಳಿಗೆಯ ರೈಫ್ಲಿಂಗ್ ಕೊರೆದು ತೆಗೆಯಬೇಕು. 0.313 ಚೆನ್ನಾಗಿರುವ ನಳಿಗೆಗೆ ಹಾಗೆ ಮಾಡುವುದು ಅನ್ಯಾಯ.

ಓರೆ ಕೊರೆಯಬಹುದು, 10 ಡಿಗ್ರಿಯೊಳಗೆ ಇರಲಿ. .32ರ ಅಂಚಿನಿಂದ ಕೇಂದ್ರಕ್ಕೆ ಇರುವ ದೂರ 4.4 ಮಿಮೀ. ಪೂರ್ತಿ ದೂರವನ್ನು ಓರೆಯಲ್ಲೇ ತೀರಿಸಲು ಹೋದರೆ, ಬ್ಲಾಕಿನ ದಪ್ಪ 15 ಮಿಮೀ ಎಂದಿಟ್ಟುಕೊಂಡರೆ, 16 ಡಿಗ್ರಿ ಆಗುತ್ತದೆ. ಹ್ಯಾಮರಿನ ಏಟಿನ ಕಾಲುಭಾಗಕ್ಕೂ ಹೆಚ್ಚು ಬಲ ಪಿನ್ನನ್ನು ಪಕ್ಕಕ್ಕೆ ಒತ್ತುತ್ತದೆ. ಹಿಂದಿನ ತೂತನ್ನು ಅರ್ಧ ದೂರಕ್ಕೆ, 2.2 ಮಿಮೀ ಸರಿಸಿದರೆ ಓರೆ 8 ಡಿಗ್ರಿ ಚಿಲ್ಲರೆ. ಅಷ್ಟರಲ್ಲಿ ಹ್ಯಾಮರಿನ ಮುಖವೂ ಪಿನ್ನಿನ ಹಿಂಬದಿಯ ಮೇಲೆ ಪೂರ್ತಿ ಬೀಳಬೇಕು. ನಿಮ್ಮ ಬ್ಲಾಕಿನದೇ ದಪ್ಪ ಅಳೆದು ಲೆಕ್ಕ ಹಾಕಿಕೊಳ್ಳಿ.

ಡ್ರಿಲ್ ಪ್ರೆಸ್‌ನಲ್ಲಿ ಇದನ್ನು ಮಾಡುವ ಕ್ರಮ: ಬೇಕಾದ ಓರೆಗೆ ಕತ್ತರಿಸಿದ ಬೆಣೆಯ ಮೇಲೆ ಬ್ಲಾಕನ್ನು ವೈಸಿನಲ್ಲಿ ಕಚ್ಚಿಸಿ, ಮುಂಭಾಗದ ಚುಕ್ಕೆಯಿಂದ ಆರಂಭಿಸಿ. ಚುಕ್ಕೆಯಲ್ಲಿ ಮೊದಲು 1/8 ಇಂಚಿನ ಎಂಡ್ ಮಿಲ್ ಬಿಟ್‌ನಿಂದ ಕೂದಲೆಳೆಯಷ್ಟು ಸಮತಟ್ಟು ಮಾಡಿಕೊಳ್ಳಬೇಕು, ಇಲ್ಲದಿದ್ದರೆ 1/16ರ ಡ್ರಿಲ್ ಓರೆ ಮೇಲ್ಮೈಯಲ್ಲಿ ಬಾಗಿ ಮುರಿಯುತ್ತದೆ. ಸಮತಟ್ಟು ಮಾಡಿದ ಗುಳಿ ಪಿನ್ ತೂತಿಗಿಂತ ಅಗಲ ಉಳಿಯುವುದರಿಂದ ಕೊನೆಯಲ್ಲಿ ಮುಖವನ್ನು ಕಲ್ಲಿನಿಂದ ಅಷ್ಟೂ ಇಳಿಸಬೇಕಾಗುತ್ತದೆ. ಅದಕ್ಕೆಂದು ಗುಳಿಯ ಆಳದಷ್ಟನ್ನು ಮೊದಲೇ ಲೆಕ್ಕದಲ್ಲಿಡಿ. 1/16ರ ತೂತು ಮುಂದಿನ 5 ಮಿಮೀಗೆ ಮಾತ್ರ, ಉಳಿದದ್ದನ್ನು ಹಿಂದಿನಿಂದ 1/8 ಇಂಚಿಗೆ ಅಗಲಿಸಿ.

ರಿಟರ್ನ್ ಸ್ಪ್ರಿಂಗ್ ಮರೆಯಬೇಡಿ. ಹಳೆಯ ರಿಮ್‌ಫೈರ್ ಬ್ಲಾಕುಗಳಲ್ಲಿ ಪಿನ್ ಸಡಿಲವಾಗಿ ಜಾರುತ್ತಿರುತ್ತದೆ. ಫೇವರಿಟ್ ಬ್ಲಾಕು ಕೆಳಗಿನಿಂದ ಮೇಲಕ್ಕೆ ತೂಗಿಕೊಂಡು ಬರುವಂಥದ್ದು. ಪಿನ್ ಮುಂದೆ ಚಾಚಿಕೊಂಡೇ ಮೇಲೆ ಬಂದರೆ ತುದಿ ಪ್ರೈಮರನ್ನು ಕೆರೆದು ಸಾಗುತ್ತದೆ. ಹೆಚ್ಚಿನ ಸಲ ತುದಿ ಮುರಿಯುತ್ತದೆ, ಕೆಟ್ಟ ಸಲ ಬ್ಲಾಕು ಮುಚ್ಚುವ ಮೊದಲೇ ತೋಟಾ ಹಾರುತ್ತದೆ. 0.012 ತಂತಿಯ ಸಣ್ಣ ಸ್ಪ್ರಿಂಗ್ ಅಗಲದ ತೂತಿನೊಳಗೆ ಪಿನ್ನಿನ ಭುಜದ ಮುಂದೆ ಕೂರಲಿ. ಕೈಯಿಂದ ಒತ್ತಿ ಬಿಟ್ಟಾಗ ಪಿನ್ ತಾನಾಗಿ ಮುಖದ ಹಿಂದೆ ಸರಿಯಬೇಕು. ಬೆರಳಿನ ಉಗುರು ಮುಖದ ಮೇಲೆ ಆಡಿಸಿದರೆ ತಡೆ ಸಿಗಬಾರದು.


ಲೇತ್_ಮೇಷ್ಟ್ರು:

ಹೆಡ್‌ಸ್ಪೇಸ್ ಬಗ್ಗೆ ಯಾರೂ ಹೇಳಲಿಲ್ಲ. ಈಗಿನ ಸೆಂಟರ್‌ಫೈರ್ ಕೇಸಿನ ಅಂಚು ಹಳೆಯ ಮಡಿಸಿದ ತಾಮ್ರದ ಅಂಚಿನಷ್ಟೇ ದಪ್ಪ ಇರಬೇಕೆಂದೇನಿಲ್ಲ. ಬ್ಲಾಕು ಮುಚ್ಚದಿದ್ದರೆ ನಳಿಗೆಯ ಕಚ್ಚು ಆಳ ಮಾಡಲು ಹೋಗಬೇಡಿ. ಕೇಸಿನ ಅಂಚನ್ನು ಮುಂಭಾಗದಿಂದ ಲೇತಿನಲ್ಲಿ ಇಳಿಸಿಕೊಳ್ಳಿ. ಕೇಸು ಸವೆದರೆ ಇನ್ನೊಂದು ಸಿಗುತ್ತದೆ, ನಳಿಗೆ ಸಿಗುವುದಿಲ್ಲ. ಅಂಚಿಗೂ ಬ್ಲಾಕಿಗೂ ನಡುವೆ 3 ಥೌ ಬಿಟ್ಟರೆ ಕರಿಮದ್ದಿನ ಮಸಿ ಹಿಡಿದರೂ ಮುಚ್ಚುತ್ತದೆ. 8 ಥೌ ದಾಟಿದರೆ ಪ್ರೈಮರ್ ಹಿಂದಕ್ಕೆ ಎದ್ದು ಬರುವುದು ಕಾಣುತ್ತದೆ.

ಪ್ರೈಮರ್ ಸ್ಮಾಲ್ ಪಿಸ್ತೂಲಿನದ್ದು. ರೈಫಲ್ ಪ್ರೈಮರಿನ ಬಟ್ಟಲು ದಪ್ಪ, ಓರೆ ಪಿನ್ನಿನ ಏಟಿಗೆ ಜಗ್ಗದು.


ಮಡಿಕೇರಿಯಿಂದ:

ಊರಿನ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಮೇಲಿನದ್ದೆಲ್ಲ ಅಮೆರಿಕದಲ್ಲಿ, ತಮ್ಮದೇ ರೈಫಲಿನ ಮೇಲೆ ಮಾಡುವ ಕೆಲಸ. ಅಲ್ಲೂ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ, ಹಣ ತೆಗೆದುಕೊಂಡು ಇನ್ನೊಬ್ಬರ ಕೋವಿ ರಿಪೇರಿ ಮಾಡಲು ಫೆಡರಲ್ ಲೈಸೆನ್ಸ್ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಬಂದೂಕಿನ ತಯಾರಿಕೆಯಷ್ಟೇ ಅಲ್ಲ, ಪರಿವರ್ತನೆ, ರಿಪೇರಿ, ಪರೀಕ್ಷೆಗೂ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ಡ್ರಿಲ್ ಹಿಡಿಯುವುದಕ್ಕಲ್ಲ. ಐನ್‌ಮನೆಯ ಹಳೆ ಕೋವಿಯ ಬ್ಲಾಕು ಬಿಚ್ಚಬೇಕೆನಿಸಿದರೆ ಪರವಾನಗಿ ಇರುವ ಗನ್‌ಸ್ಮಿತ್ ಬಳಿಗೇ ಒಯ್ಯಿರಿ.


ಕರಿಮದ್ದು:

ಪರೀಕ್ಷೆಯ ಕ್ರಮ ಹೇಳಿ ಮುಗಿಸುತ್ತೇನೆ. ಮೊದಲು ಮದ್ದು, ಗುಂಡು ಇಲ್ಲದೆ ಪ್ರೈಮರ್ ಮಾತ್ರ ಹಾಕಿದ ಐದು ಕೇಸು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಮೂತಿ ಸುರಕ್ಷಿತ ಕಡೆಗೆ. ಐದೂ ಹಾರಬೇಕು, ಗುಳಿ ಪ್ರೈಮರಿನ ನಡುವಿನಿಂದ 10 ಥೌ ಒಳಗೆ ಬಿದ್ದಿರಬೇಕು. ಪ್ರೈಮರ್ ಮಾತ್ರ ಹಾರಿದಾಗ ಅದು ಸ್ವಲ್ಪ ಹಿಂದಕ್ಕೆ ಏಳುವುದು ಸಹಜ, ಕೇಸನ್ನು ಬ್ಲಾಕಿಗೆ ತಳ್ಳುವಷ್ಟು ಒತ್ತಡ ಅದಕ್ಕಿಲ್ಲ. ಅದನ್ನು ನೋಡಿ ಹೆಡ್‌ಸ್ಪೇಸ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಆಮೇಲೆ ತುಂಬಿದ ತೋಟಾ. ರೈಫಲನ್ನು ಹಳೆಯ ಟೈರಿಗೆ ಬಿಗಿದು, ಟ್ರಿಗರಿಗೆ ಉದ್ದ ಹಗ್ಗ ಕಟ್ಟಿ, ಗಟ್ಟಿ ಗೋಡೆಯ ಮರೆಯಿಂದ ಎಳೆಯಿರಿ. ಹತ್ತು ಗುಂಡಾದ ಮೇಲೆ ಬ್ಲಾಕಿನ ಸಡಿಲವನ್ನು ಫೀಲರ್ ಗೇಜ್‌ನಿಂದ ಮತ್ತೆ ಅಳೆಯಿರಿ. 2 ಥೌ ಇದ್ದದ್ದು 2 ಥೌನಲ್ಲೇ ನಿಂತಿರಬೇಕು. 3 ಆಗಿದ್ದರೆ ಸ್ಕ್ರೂ ಬಿಚ್ಚಿ ಲೇತಿನ ಸೆಂಟರುಗಳ ನಡುವೆ ತಿರುಗಿಸಿ ಬಾಗಿದೆಯೇ ನೋಡಿ. ಪ್ರೈಮರಿನ ಗುಳಿಯ ಸುತ್ತ ಏಣು ಎದ್ದಿದ್ದರೆ ಪಿನ್ ತೂತು ದೊಡ್ಡದಾಯಿತೇ ಎಂದು ಮೊದಲು ನೋಡಿ. ಗುಳಿ ಒಂದು ಕಡೆಗೆ ಕಣ್ಣೀರಿನ ಹನಿಯಂತೆ ಎಳೆದುಕೊಂಡಿದ್ದರೆ ಪಿನ್ ತಡವಾಗಿ ಹಿಂದೆ ಸರಿಯುತ್ತಿದೆ, ಸ್ಪ್ರಿಂಗ್ ಬದಲಿಸಿ.

ಎಲ್ಲ ಸರಿ ಕಂಡ ಮೇಲೆ ಹೊಸ ಬ್ಲಾಕಿನ ಬದಿಯಲ್ಲಿ, ಮುಚ್ಚಿದಾಗ ಕಾಣದ ಜಾಗದಲ್ಲಿ, ".32 ಲಾಂಗ್ ಕೋಲ್ಟ್, ಕರಿಮದ್ದು ಮಾತ್ರ" ಎಂದು ಸಣ್ಣ ಪಂಚ್‌ನಿಂದ ಕೆತ್ತಿ. ನಳಿಗೆಯ ಮೇಲಿನ ಮೂಲ ಗುರುತನ್ನು ಮುಟ್ಟಬೇಡಿ.